ಕ್ಷಮಾಪಣೆ ಪತ್ರ

ಓದಿಗೆಂದು ಮಾಡಿದ ಬ್ಯಾಂಕ್ ಸಾಲದ ಬಡ್ಡಿ ಕಟ್ಟಲು ದಾಕ್ಷಾಯಿಣಿ ಸಹಪಾಠಿ ವಿನುತಾಗೆ ದುಡ್ಡು ತೆಗೆದುಕೊಂಡು ಪ್ರಬಂಧ ಬರೆದುಕೊಟ್ಟಿದ್ದಳು. ತನ್ನ ಪ್ರಬಂಧಕ್ಕೆ ಹೊತ್ತು ಸಿಗದೆ, ವಿನುತಾಗೆ ಬರೆದುಕೊಟ್ಟಿದ್ದರಿಂದಲೇ ಎರಡು ಪುಟ ಎತ್ತಿ ಸೇರಿಸಿದ್ದಳು.

ಪಾಠ ಮಾಡುವ ಮೇಡಂ ಎರಡೂ ಪ್ರಬಂಧಗಳನ್ನು ಅವಳ ಮುಂದಿಟ್ಟರು. "ವಿನುತಾಂದು ಕದ್ದು ಬರದೀಯಲ್ಲ?"

ನಿಜ ಹೇಳಿಬಿಡೋಣ ಅನಿಸಿತು. ಹೇಳಿದರೆ ಇಬ್ಬರೂ ಕಾಲೇಜಿನಿಂದ ಹೊರಗೆ; ಸಾಲ ಮಾತ್ರ ಹಾಗೇ ಉಳಿಯುತ್ತದೆ.

"ಹೌದ್ರಿ ಮೇಡಂ. ತಪ್ಪಾತು."

"ಹಂಗಾದ್ರ ನಾಳೆ ಕ್ಷಮಾಪಣೆ ಬರದು ತಂದುಕೊಡು."

ಹಾಸ್ಟೆಲಿನಲ್ಲಿ ಕೂತು ಬರೆದಳು. ಆ ವರ್ಷ ಅವಳು ತನ್ನ ಹೆಸರಿನಲ್ಲಿ ಮನಸಾರೆ ಬರೆದದ್ದು ಅದೊಂದನ್ನೇ. ಬರೆಯುವಾಗ ಅತ್ತಳು ಕೂಡ.

ಮರುದಿನ ಮೇಡಂ ಅದನ್ನು ಎರಡು ಸಲ ಓದಿ ತಲೆಯೆತ್ತಿದರು.

"ಭಾಳ ಛಲೋ ಐತಿ. ಇದನ್ನೂ ವಿನುತಾನ ಕಡೆನ ಬರಸೀಯೇನು?"