ಮುಂದಿನ ಕಂತು ಯಾವಾಗ?

ಹಾಲು ಸೀದ ವಾಸನೆ ಮೂಗಿಗೆ ಬಡಿದಾಗ ಸೊಸೆಗೆ ತನ್ನ ಅಮ್ಮನ ನೆನಪಾಯಿತು. ವಾರಪತ್ರಿಕೆಯ ಧಾರಾವಾಹಿ ಕೈಗೆ ಸಿಕ್ಕಿತೆಂದರೆ ಅಮ್ಮನೂ ಹೀಗೆಯೇ ಪಾತ್ರೆ ಸೀಯಿಸುತ್ತಿದ್ದಳು. ಒಲೆ ಆರಿಸಿ ಮತ್ತೆ ಮೊಬೈಲ್ ನೋಡಿದಳು. ಕಚೇರಿಯಿಂದ ಬಂದು ಮೂರು ಸಂಜೆ ಕೂತು ಬರೆದು, ಕಥೆಗಳ ಆ್ಯಪ್‌ಗೆ ಹಾಕಿದ ಕಂತಿನ ಕೆಳಗೆ ಓದುಗರ ನಲವತ್ತೆರಡು ಕಾಮೆಂಟುಗಳಿದ್ದವು. ಎಲ್ಲರದೂ ಒಂದೇ ರಾಗ: "ಮುಂದಿನ ಕಂತು ಯಾವಾಗ?" ಒಬ್ಬ ಮಹಾಶಯನಂತೂ "ಬೇಗ" ಎಂದಷ್ಟೇ ಬರೆದಿದ್ದ.

"ಸಾಕಾಗಿಹೋಯ್ತು ಅತ್ತೆ. ನಾನೇನು ಇವರ ಮನೆ ಜೀತದಾಳಾ? ಇಡೀ ಕಥೆನೇ ಅಳಿಸಿಬಿಡ್ತೀನಿ," ಎಂದು ಅಳಿಸುವ ಗುಂಡಿಯ ಮೇಲೆ ಬೆರಳು ತಂದಳು.

ಸೀದ ಪಾತ್ರೆಗೆ ನೀರು ಹಾಕುತ್ತಿದ್ದ ಅತ್ತೆ ತಿರುಗಿ ನೋಡಲಿಲ್ಲ. "ನಿನ್ನ ಕಥೇಲಿ ಆ ನರ್ಸು, ತೀರಿಹೋದ ಅಪ್ಪನ ಕನ್ನಡಕ ಒರೆಸಿ ಒರೆಸಿ, ಕೊನೆಗೆ ತಾನೇ ಹಾಕ್ಕೊಂಡು ನೋಡ್ತಾಳಲ್ಲ, ಅದನ್ನ ಎರಡು ಸಲ ಓದಿದೆ ಕಣೆ."

"ನೀವು ಓದ್ತೀರಾ?"

"ಮೊದಲನೇ ಕಂತಿಂದ. ಅದರಲ್ಲಿ ಕಾಮೆಂಟು ಬರೆಯೋಕೆ ನನಗೆ ಬರಲ್ಲ, ಅದಕ್ಕೆ ಬಾಯಲ್ಲೇ ಹೇಳಿದೆ."

ಸೊಸೆಯ ಬೆರಳು ತಾನಾಗಿ ಹಿಂದೆ ಸರಿಯಿತು. ಅತ್ತೆ ಕೈ ಒರೆಸಿಕೊಂಡು, ಊಟದ ತಟ್ಟೆ ತಂದು ಅವಳ ಕೈಗಿತ್ತರು.