ಅಡವಿಯವ್ವ ಬೀದರಕ್ಕೆ ಹೋದದ್ದು

"ನೀವೇ ಕಳ್ಳರಲ್ಲಂತ ಹ್ಯಾಂಗ ನಂಬೋದ್ರಿ, ಬಾಯಾರ?"

ಜನಾಬಾಯಿ ಗುಡಿಯ ಬಾಗಿಲಿಗೆ ಅಡ್ಡ ಕೂತು ಕೇಳಿದಳು. ಅವಳ ಬೆನ್ನಹಿಂದೆ, ಅರೆಗತ್ತಲಲ್ಲಿ, ಮೊಣಕಾಲೆತ್ತರದ ಕರಿಕಲ್ಲಿನ ಅಡವಿಯವ್ವ. ಗುಡಿಯ ಆಚೆ ಕುರಿಹಟ್ಟಿ, ಅದರಾಚೆ ತೊಗರಿ ಹೊಲ.

ಮಂಜಿರಿ ಅಳತೆಪಟ್ಟಿ ಸುತ್ತಿಟ್ಟಳು. "ನಂಬಬ್ಯಾಡ್ರಿ, ಆಯಿ. ಈಗಿನ ಕಾಲದಾಗ ಯಾರನ್ನೂ ನಂಬಬಾರದು."

ಮುದುಕಿ ಮೆತ್ತಗಾದಳು. ಕಳ್ಳರಾದವರು ಹೀಗೆ ಮಾತಾಡುವುದಿಲ್ಲ ಎಂಬಷ್ಟು ಲೋಕಜ್ಞಾನ ಆ ಚಿಂತಾಕಿ ಊರಲ್ಲಿ ಎಲ್ಲರಿಗೂ ಇತ್ತು.

ಮಂಜಿರಿಯ ಕೊರಳಲ್ಲಿ ಬೆಂಗಳೂರಿನ ಕಚೇರಿಯ ಗುರುತಿನ ಚೀಟಿ ತೂಗುತ್ತಿತ್ತು. ಮಾತು ಮಾತ್ರ ಈ ಸೀಮೆಯದು, ತವರು ಭಾಲ್ಕಿ. ಹಳೆಯ ವಿಗ್ರಹಗಳನ್ನು ಅಳೆದು, ಫೋಟೋ ತೆಗೆದು, ಅಪಾಯದಲ್ಲಿದ್ದವನ್ನು ಬೀದರ ಕೋಟೆಯ ಮ್ಯೂಜಿಯಮ್ಮಿಗೆ ಸಾಗಿಸುವುದು ತನ್ನ ಕೆಲಸ ಎಂದಿದ್ದಳು. ಕಾರು ಓಡಿಸುವ ಆಶೀಷನೇ ಫೋಟೋ ತೆಗೆಯುವವನೂ ಆಗಿದ್ದ. ಅವನು ಆಗಲೇ ಅಡವಿಯವ್ವನನ್ನು ನಾಲ್ಕೂ ಕಡೆಯಿಂದ ತೆಗೆದು ಮುಗಿಸಿದ್ದ.

"ಮ್ಯಾಲ ನೋಡ್ರಿ," ಎಂದಳು ಮಂಜಿರಿ. ಗುಡಿಯ ಮೇಲ್ಚಪ್ಪಡಿ ಈ ಮಳೆಗಾಲದಲ್ಲಿ ಸೀಳಿತ್ತು. ಸಂದಿಯಲ್ಲಿ ಆಕಾಶ ಕಾಣುತ್ತಿತ್ತು. "ಇದು ಬಿದ್ರ ಅವ್ವ ಪುಡಿಪುಡಿ. ಬೀಳಲಿಲ್ಲಂದ್ರ ಕಳ್ಳರು ಬರ್ತಾರ. ಭಾಲ್ಕಿ ಕಡೆ ಒಂದು ಊರಾಗ ನಂದಿ ಒಯ್ದ್ರು, ಕೇಳೀರಿಲ್ಲ? ಅವಸರ ಮಾಡಿದ್ರು. ಮೀಟೋ ಸಬ್ಬಲ್ಲು ಜಾರಿ ಕಿವಿ ಮುರೀತು. ಎಷ್ಟು ಚಂದ ಕಿವಿ ಇತ್ತು!"

ಅವಳ ದನಿಯಲ್ಲಿ ನಿಜವಾದ ಸಂಕಟವಿತ್ತು. ಜನಾಬಾಯಿ ಗಂಡನ ಮುಖ ನೋಡಿದಳು. ಧೊಂಡಿಬಾ ಹೆಗಲ ಮೇಲಿನ ಕಂಬಳಿ ಸರಿಪಡಿಸಿಕೊಂಡು, "ಬಾಯಾರು ಖರೇ ಹೇಳ್ತಾರ. ಚಪ್ಪಡಿ ಎತ್ತಿ ಕೂಡಿಸೋ ತಾಕತ್ತು ನಮಗೆಲ್ಲಿ ಅದ?" ಎಂದ.

ಜನಾಬಾಯಿ ತಿರುಗಿ ಅವ್ವನ ಮುಖ ನೋಡಿದಳು. ಮದುವೆಯಾಗಿ ಬಂದ ದಿನದಿಂದ ಅವಳು ಈ ಗುಡಿಗೆ ದೀಪ ಹಚ್ಚುತ್ತಿದ್ದಳು. ಕೂಸುಗಳಿಗೆ ಜ್ವರ ಬಂದಾಗ ಇಲ್ಲಿ ಅತ್ತಿದ್ದಳು. ಕುರಿಗಳಿಗೆ ರೋಗ ಬಂದಾಗ ಇಲ್ಲೇ ಅವ್ವನನ್ನು ಬೈದಿದ್ದಳು. ಕೊನೆಗೆ ಸೆರಗಿನಿಂದ ಮೂಗು ಒರೆಸಿಕೊಂಡು ಎದ್ದಳು.

"ಒಯ್ರಿ. ಆದ್ರ ಅವ್ವನ್ನ ಬರಿಗೈಲೆ ಕಳಸಂಗಿಲ್ಲ. ನೀವೂ ಉಂಡೇ ಹೋಗಬೇಕು."

ಮಂಜಿರಿ ತಡಬಡಿಸಿದಳು. ಹೋದ ಊರಲ್ಲಿ ಉಣ್ಣಬಾರದೆಂಬುದು ಈ ಕೆಲಸದಲ್ಲಿ ಅವಳು ಹಾಕಿಕೊಂಡ ನೇಮ. ಉಂಡರೆ ಮುಖ ನೆನಪಿರುತ್ತದೆ, ಎರಡೂ ಕಡೆಗೆ. ಆದರೆ ಜೋಳದ ರೊಟ್ಟಿ, ಪುಂಡಿಪಲ್ಯ ಆಗಲೇ ಎದುರಿಗೆ ಬಂದಿತ್ತು. ಅಷ್ಟರಲ್ಲಿ ಸುದ್ದಿ ಊರಿಗೂ ಮುಟ್ಟಿತ್ತು. ಹೆಂಗಸರು ಅರಿಶಿನ, ಕುಂಕುಮ, ಹಸಿರು ಖಣ ತಂದರು. ಅಡವಿಯವ್ವನಿಗೆ ಉಡಿ ತುಂಬಿದರು. ಗಂಡಸರು ವಿಗ್ರಹವನ್ನೆತ್ತಿ ಕಾರಿನ ಹಿಂದಿನ ಸೀಟಿನಲ್ಲಿ ಕೂರಿಸಿದರು. ಒಂದು ಗೀರೂ ಬೀಳಲಿಲ್ಲ. ಇಂಥ ನಾಜೂಕಿನ ಕೆಲಸವನ್ನು ಮಂಜಿರಿ ಕಂಡಿರಲಿಲ್ಲ.

ಅವಳು ಕೈಮುಗಿದು ಮುಂದಿನ ಸೀಟು ಹತ್ತಿದಳು. ಹಿಂದಿನ ಬಾಗಿಲು ತೆರೆಯಿತು. ಜನಾಬಾಯಿ ಅವ್ವನ ಪಕ್ಕ ಕೂತು ಅವಳ ಹೆಗಲಿಗೆ ಕೈ ಹಾಕಿದಳು. ಆಚೆ ಬದಿಯಿಂದ ಧೊಂಡಿಬಾ ಹತ್ತಿದ.

"ಆಯಿ, ನಿಮಗ್ಯಾಕ ತ್ರಾಸ?"

"ಮಗಳನ್ನ ಗಂಡನ ಮನಿಗೆ ಒಬ್ಬಾಕಿನ್ನೇ ಕಳಸ್ತಾರೇನ್ರಿ? ಎಲ್ಲಿ ಕೂಡಿಸ್ತಾರ ನೋಡಿ ಬರ್ತೇವಿ."

ಮಂಜಿರಿ ಕನ್ನಡಿಯಲ್ಲಿ ನೋಡಿದಳು. ಹಿಂದೆ ಒಂದು ಕ್ರೂಜರ್ ಜೀಪಿನ ತುಂಬ ಜನ ಹತ್ತುತ್ತಿದ್ದರು. ಮೇಲೆ ಹಲಗೆ ಬಾರಿಸುವವರಿಬ್ಬರು.

ಕೂಡುರಸ್ತೆಯಲ್ಲಿ ಆಶೀಷ ಕಾರನ್ನು ತಪ್ಪು ದಿಕ್ಕಿಗೆ ಹೊರಳಿಸಿದ. "ಅದು ತೆಲಂಗಾಣದ ಹಾದಿ, ತಮ್ಮಾ," ಎಂದು ಧೊಂಡಿಬಾ ನಕ್ಕ. "ಪ್ಯಾಟಿ ಮಂದಿಗೆ ದಿಕ್ಕೇ ತಿಳಿಯಂಗಿಲ್ಲ." ಆಶೀಷ ಮಂಜಿರಿಯನ್ನು ನೋಡಿದ. ಮಂಜಿರಿ ಹಿಂದಿನ ಕ್ರೂಜರನ್ನು ನೋಡಿ, "ಬೀದರಕ್ಕ ನಡಿ," ಎಂದಳು.

ದಾರಿಯುದ್ದಕ್ಕೂ ಜನಾಬಾಯಿ ಅವ್ವನಿಗೆ ಊರುಗಳನ್ನು ತೋರಿಸುತ್ತ ಬಂದಳು. ಔರಾದ ದಾಟುವತನಕ ನಡುನಡುವೆ ಅಳುತ್ತಿದ್ದಳು, ಆಮೇಲೆ ಅಳು ನಿಂತಿತು. ಬೀದರದ ಬುರುಜುಗಳು ಕಂಡಾಗ, "ನೋಡವ್ವಾ, ಎಷ್ಟು ದೊಡ್ಡ ಮನಿ!" ಎಂದಳು.

ಮ್ಯೂಜಿಯಮ್ಮಿನ ಅಧಿಕಾರಿ ಮಹಮೂದಾ ಬೇಗಂ ಹಲಗೆ ಸಪ್ಪಳಕ್ಕೆ ಹೊರಗೆ ಓಡಿಬಂದರು. ಬಗ್ಗಿ ವಿಗ್ರಹವನ್ನು ಮೇಲಿಂದ ಕೆಳಗಿನತನಕ ನೋಡಿದರು. ಆಮೇಲೆ ಮಂಜಿರಿಯತ್ತ ತಿರುಗಿದರು. "ಬೆಂಗಳೂರಿನಿಂದ ಬರ್ತೀರಂತ ನಮಗ್ಯಾರೂ ಹೇಳಿಲ್ಲಲ್ರಿ?"

"ಮೊದಲೇ ಹೇಳಿದ್ರ ಸುದ್ದಿ ಹೊರಗ ಹೋಗ್ತದ್ರಿ."

"ಅದೂ ಖರೇ," ಎಂದು ಮಹಮೂದಾ ಬೇಗಂ ಒಪ್ಪಿದರು. ಗಾಳಿ ಬೆಳಕು ಚೆನ್ನಾಗಿದ್ದ ಮೂಲೆಯೊಂದನ್ನು ಜನಾಬಾಯಿಯೇ ಆರಿಸುವಂತೆ ಬಿಟ್ಟರು. ನೋಡಬೇಕೆನಿಸಿದಾಗ ಬರಬಹುದು, ಯಾರೂ ತಡೆಯುವುದಿಲ್ಲ ಎಂದರು. ಜನಾಬಾಯಿ ಅವ್ವನ ಖಣ ಸರಿಮಾಡಿ, ಕೆನ್ನೆ ಸವರಿ, ಗಟ್ಟಿ ಮನಸ್ಸಿನಿಂದ ಹಿಂದೆ ಸರಿದಳು.

ಎಲ್ಲರೂ ಸೇರಿ ಫೋಟೋ ತೆಗೆಸಿಕೊಳ್ಳುವಾಗ ಮಂಜಿರಿ ಬದಿಗೆ ನಿಂತಳು. "ನಾನ್ಯಾಕ್ರಿ? ಊರವರನ್ನ ತೆಗೀರಿ." ಎಂಥ ನಿಗರ್ವಿ ಹೆಣ್ಣುಮಗಳು ಎಂದು ಚಿಂತಾಕಿಯವರು ಮೆಚ್ಚಿಕೊಂಡರು.

ಜನಾಬಾಯಿ ಅವಳ ಎರಡೂ ಕೈ ಹಿಡಿದಳು. "ನಿಮ್ಮಂಥವರು ಇದ್ದುದಕ್ಕೇ ನಮ್ಮ ದೇವರು ಉಳದಾವ್ರಿ."

ಮಂಜಿರಿಯ ಕಣ್ಣು ತುಂಬಿ ಬಂತು. ಯಾಕೆಂದು ಎಲ್ಲರೂ ತಮಗೆ ತಿಳಿದಂತೆ ಅರ್ಥ ಮಾಡಿಕೊಂಡರು.

ಅವಳು ಈ ಕಸುಬಿಗೆ ಇಳಿದ ಮೇಲೆ, ಕದಿಯಲು ಹೋದ ವಿಗ್ರಹವೊಂದು ಅವಳು ಬಾಯಲ್ಲಿ ಹೇಳಿದ ಜಾಗಕ್ಕೇ ಹೋಗಿ ಮುಟ್ಟಿದ್ದು ಅದೇ ಮೊದಲು.