ಲಾಭ, ಎರಡು, ಮೂರು

ಹಳೆಯ ಟಿವಿಯ ಪರದೆಯ ಮೇಲೆ "ಲಾಭ" ಎಂದು ಮೂಡಿತು. ಅದರ ಕೆಳಗೆ ಎರಡು, ಮೂರು, ನಾಲ್ಕು ಎಂದು ಸಾಲಾಗಿ ಇಳಿಯತೊಡಗಿತು. ತಿಪಟೂರಿನ ಕಾಲೇಜಿನಲ್ಲಿ ಕಂಪ್ಯೂಟರ್ ಪಾಠ ಹೇಳುವ, ದಂಡಿನಶಿವರದ ದಯಾನಂದ್ ಹುಬ್ಬು ಗಂಟಿಕ್ಕಿದ.

"ಮೇಡಂ, ಒಂದರ ಜಾಗದಲ್ಲಿ ಲಾಭ ಅಂತ ಬಂತಲ್ಲ? ಎಲ್ಲೋ ತಪ್ಪಾಗೈತೆ."

"ತಪ್ಪಲ್ಲ ಕಣಪ್ಪ. ನಾನೇ ಹಂಗೆ ಬರೆದಿರೋದು," ಎಂದರು ಮೀನಾಕ್ಷಮ್ಮ.

ಹಾಲ್ಕುರಿಕೆಯ ಮೀನಾಕ್ಷಮ್ಮ ಎಂಬತ್ತರ ದಶಕದಲ್ಲಿ ಬೆಂಗಳೂರಿನ ಕಂಪನಿಯೊಂದಕ್ಕೆ ಮನೆ ಕಂಪ್ಯೂಟರಿನಲ್ಲಿ ಪ್ರೋಗ್ರಾಮ್ ಬರೆಯುವ ಭಾಷೆಗಳನ್ನು ಕಟ್ಟಿಕೊಟ್ಟವರು. ಕಂಪ್ಯೂಟರನ್ನು ಟಿವಿಗೆ ಜೋಡಿಸಿ, ಕ್ಯಾಸೆಟ್ಟಿನಿಂದ ಪ್ರೋಗ್ರಾಮ್ ತುಂಬಿಸುತ್ತಿದ್ದ ಕಾಲ ಅದು. ಕಂಪನಿಗೆ ಕಟ್ಟಿದ ಭಾಷೆಗಳೆಲ್ಲ ಕಂಪನಿಯ ಜೊತೆಗೇ ಹೋದವು. ಉಳಿದದ್ದು ತಮ್ಮ ಮನೆಗೆಂದು ಕಟ್ಟಿಕೊಂಡ ಈ ಕನ್ನಡದ್ದು ಒಂದೇ. ಅದನ್ನು ನಾಳೆ ಕಾಲೇಜಿನ ವಸ್ತುಪ್ರದರ್ಶನದಲ್ಲಿ ಇಡಬೇಕೆಂದು ದಯಾನಂದನೇ ಬೆನ್ನು ಬಿದ್ದಿದ್ದ. ಮೀನಾಕ್ಷಮ್ಮ ಬೆಳಗಿನಿಂದ ಯಂತ್ರ ಒರೆಸಿದ್ದೇ ಒರೆಸಿದ್ದು. ಮಗಳನ್ನು ನೋಡಲು ಗಂಡಿನವರು ಬಂದ ದಿನವೂ ಅವರು ಇಷ್ಟು ಸಡಗರ ಪಟ್ಟಿರಲಿಲ್ಲ.

"ಬೆಂಗಳೂರಿಂದ ದೊಡ್ಡ ದೊಡ್ಡೋರು ಬತ್ತಾರೆ ಮೇಡಂ. ಎಣಿಸೋಕೇ ಬರದ ಭಾಷೆ ಅಂತ ನಗ್ತಾರೆ. ಅದೊಂದನ್ನ ಸರಿ ಮಾಡ್ಬುಡಿ. ಇಲ್ದಿದ್ರೆ ಇಡೋದು ಕಷ್ಟ."

"ಮೊದಲು ನಾನೂ ಒಂದು ಅಂತಲೇ ಬರೆದಿದ್ದೆ ಕಣಪ್ಪ. ನಮ್ಮಪ್ಪನ್ನ ಮುಂದೆ ಕೂರಿಸ್ಕೊಂಡು ತೋರಿಸ್ದೆ. ಒಂದು ಅಂತ ಬಂದಿದ್ದೇ ತಡ, ಎದ್ದು ನಿಂತ್ಕೊಂಡ್ರು. 'ಕಾಯಿ ಎಣಿಸೋಕೆ ಕೂತೋರು ಮೊದಲನೇದಕ್ಕೆ ಲಾಭ ಅನ್ಬೇಕು. ಅಷ್ಟೂ ಗೊತ್ತಿಲ್ವಾ ನಿನ್ನ ಪೆಟ್ಟಿಗೆಗೆ?' ಅಂದ್ರು. ಆ ಮಾತಿಗೆ ಇಡೀ ಭಾಷೆ ಬಿಚ್ಚಿ ಮತ್ತೆ ಕಟ್ಟಿದೆ. ಆಮೇಲೆ ಊರೆಲ್ಲ ಹೇಳ್ಕೊಂಡು ತಿರುಗಿದ್ರು, ನನ್ನ ಮಗಳು ಪೆಟ್ಟಿಗೆಗೂ ಎಣಿಸೋದು ಕಲಿಸವ್ಳೆ ಅಂತ."

"ಅದು ಆಗಿನ ಕಾಲ ಮೇಡಂ. ಈಗ ಹಂಗೆಲ್ಲ ಯಾರು ಅಂತಾರೆ?"

"ಹಂಗಾದ್ರೆ ಇದು ಇಲ್ಲೇ ಇರ್ಲಿ ಬುಡು," ಎಂದು ಮೀನಾಕ್ಷಮ್ಮ ಟಿವಿ ಆರಿಸಿಬಿಟ್ಟರು. ಇಷ್ಟು ವರ್ಷ ಕಾದ ಮೇಲೆ ಮನೆ ಬಾಗಿಲಿಗೆ ಬಂದ ಮರ್ಯಾದೆ. ಅದನ್ನು ಬಿಟ್ಟುಕೊಡುವುದು ಅವರಿಗೂ ಸಂಕಟವೇ. ಆದರೆ ತಲೆ ಮಾತ್ರ ತಗ್ಗಲಿಲ್ಲ.

ದಯಾನಂದ್ ಪೆಚ್ಚಾಗಿ ಎದ್ದ. ಬಂದವರನ್ನು ಬರಿಗೈಯಲ್ಲಿ ಕಳಿಸುವ ಮನೆಯಲ್ಲ ಅದು. ಮೀನಾಕ್ಷಮ್ಮ ಚೀಲವೊಂದನ್ನು ಅವನ ಕೈಗೆ ಕೊಟ್ಟು ಜಗುಲಿಯ ಮೂಲೆಯ ರಾಶಿ ತೋರಿಸಿದರು. "ಮನೆಗೆ ಹತ್ತು ಕಾಯಿ ಎಣಿಸ್ಕೊಂಡು ಹೋಗು."

ದಯಾನಂದನೂ ತೆಂಗಿನ ತೋಟದ ಮನೆಯಲ್ಲಿ ಬೆಳೆದವನೇ. ಬಗ್ಗಿ, ಮೊದಲ ಕಾಯಿಯನ್ನು ಚೀಲಕ್ಕೆ ಹಾಕಿದ.

"ಲಾಭ," ಎಂದಿತು ಅವನ ಬಾಯಿ. ಎರಡನೆಯ ಕಾಯಿ ಕೈಯಲ್ಲೇ ಉಳಿಯಿತು.

ಮೀನಾಕ್ಷಮ್ಮ ಬಾಗಿಲಿಗೆ ಒರಗಿ ನಿಂತು ಕೇಳಿದರು: "ಬೆಂಗಳೂರಿನೋರು ಬರೋದ್ರೊಳಗೆ ಆ ಬಾಯನ್ನೂ ಸರಿ ಮಾಡಿಸ್ಕೊತೀಯೇನಪ್ಪ?"